ಥಾಣೆಯಲ್ಲಿ ಕೂತರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದಿಲ್ಲ

ನೀಟ್ ಪರೀಕ್ಷೆಯ ಮಾಹಿತಿ ಪುಸ್ತಿಕೆಯಲ್ಲಿ ಹೆಚ್ಚಿನ ಪಾಲಕರು ಕಣ್ಣಾಡಿಸದೆ ದಾಟಿಬಿಡುವ ಒಂದು ಕೋಷ್ಟಕವಿದೆ. ಎಡಗಡೆ ಭಾಷೆಯ ಹೆಸರು, ಬಲಗಡೆ ಆ ಭಾಷೆಯ ಪ್ರಶ್ನೆಪತ್ರಿಕೆ ಎಲ್ಲೆಲ್ಲಿ ಸಿಗುತ್ತದೆ ಎಂಬ ವಿವರ. ಇಂಗ್ಲಿಷ್, ಹಿಂದಿ, ಉರ್ದು ದೇಶದ ಎಲ್ಲ ಕೇಂದ್ರಗಳಲ್ಲೂ ಸಿಗುತ್ತವೆ. ಮರಾಠಿ ಮಹಾರಾಷ್ಟ್ರದಲ್ಲಿ, ತಮಿಳು ತಮಿಳುನಾಡು, ಪುದುಚೇರಿ ಮತ್ತು ಅಂಡಮಾನಿನಲ್ಲಿ, ಬಂಗಾಳಿ ಪಶ್ಚಿಮ ಬಂಗಾಳ, ತ್ರಿಪುರಾ ಮತ್ತು ಅಂಡಮಾನಿನಲ್ಲಿ. ಕನ್ನಡದ ಎದುರಿಗಿರುವುದು ಒಂದೇ ಹೆಸರು: ಕರ್ನಾಟಕ. ಹಾಗಾಗಿ ಡೊಂಬಿವಲಿ, ಕಲ್ಯಾಣದ ಕನ್ನಡದ ಹುಡುಗಿಯೊಬ್ಬಳು ಥಾಣೆಯನ್ನೋ ನವಿಮುಂಬಯಿಯನ್ನೋ ಪರೀಕ್ಷಾ ಕೇಂದ್ರವಾಗಿ ಆರಿಸಿಕೊಂಡರೆ ಅವಳಿಗೆ ನಾಲ್ಕು ಭಾಷೆಗಳ ಆಯ್ಕೆ ಇದೆ, ಆ ನಾಲ್ಕರಲ್ಲಿ ಅವಳ ಮನೆಮಾತು ಇಲ್ಲ.

ಇದು ಯಾರೋ ಕನ್ನಡದ್ವೇಷಿ ಅಧಿಕಾರಿ ಕೂತು ಮಾಡಿದ ಕಿತಾಪತಿ ಎಂದು ನನಗನ್ನಿಸುವುದಿಲ್ಲ. ಮೂವತ್ತು ನಲವತ್ತು ವರ್ಷಗಳಲ್ಲಿ ಪ್ರವೇಶ ಪರೀಕ್ಷೆಗಳು ರಾಜ್ಯದಿಂದ ಕೇಂದ್ರಕ್ಕೆ, ಕೇಂದ್ರದಿಂದ ಮತ್ತೆ ರಾಜ್ಯಕ್ಕೆ ಎಳೆದಾಡಿಸಿಕೊಂಡವು. ಆ ಎಳೆದಾಟದಲ್ಲಿ ಭಾಷೆ ರಾಜ್ಯದ ಗಡಿಗೆ ಅಂಟಿಕೊಂಡಿತು. ಅಂಟಿಕೊಂಡದ್ದು ಹೇಗೆ ಎಂಬ ಕಥೆಯನ್ನು ಮುಂಬಯಿ ಹೊರವಲಯದ ಈ ಊರುಗಳಲ್ಲಿ ನಿಂತು ನೋಡಿದರೆ ಬೆಂಗಳೂರಿನಲ್ಲಿ ಕಾಣದ ಕೆಲವು ಸಂಗತಿಗಳು ಕಾಣುತ್ತವೆ.

ಹಿಂದೊಂದು ಕಾಲದಲ್ಲಿ ಗಡಿ ಹೀಗಿರಲಿಲ್ಲ. 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯ 1859ರಲ್ಲಿ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಸಿತು. ಕಾಲೇಜಿನ ಬಾಗಿಲು ತೆರೆಯುವ ಕೀಲಿಕೈ ಅದು. ಮಹಾದೇವ ಗೋವಿಂದ ರಾನಡೆ ಆ ಮೊದಲ ತಂಡದಲ್ಲೇ ಪಾಸಾದವರು. ಆ ಪರೀಕ್ಷೆಯ ದೇಶಭಾಷೆಗಳಲ್ಲಿ ಮರಾಠಿ, ಗುಜರಾತಿಯ ಜೊತೆಗೆ ಕನ್ನಡವೂ ಇತ್ತು, ಏಕೆಂದರೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಹುಡುಗರೆಲ್ಲ ಅದೇ ವಿಶ್ವವಿದ್ಯಾಲಯದ ಮಕ್ಕಳು. ಆ ಸಂಬಂಧ ತೊಂಬತ್ತು ವರ್ಷ ಉಳಿಯಿತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದೂ ಮುಂಬಯಿಯಲ್ಲೇ. ಮರುವರ್ಷ ಅದು ಧಾರವಾಡಕ್ಕೆ ಬಂತು. 1956ರಲ್ಲಿ ಭಾಷಾವಾರು ಪ್ರಾಂತ ರಚನೆಯಾದ ಮೇಲೆ ಮುಂಬಯಿಯ ಕನ್ನಡಿಗರು ಹೊರನಾಡಿನವರಾದರು.

ಹೊರನಾಡಿನವರಾದರೂ ಅವರ ಸಂಖ್ಯೆ ಕರಗಲಿಲ್ಲ. ಫೋರ್ಟ್, ಮಾಟುಂಗಾ, ವಡಾಲದಲ್ಲಿ ನೆಲೆ ನಿಂತವರ ಮಕ್ಕಳು ಮನೆ ಬಾಡಿಗೆ ಏರಿದಂತೆ ಥಾಣೆಗೂ ಡೊಂಬಿವಲಿಗೂ ಸರಿದರು. ಹೋಟೆಲಿನವರು, ಕರಾವಳಿ ಮೂಲದ ಬ್ಯಾಂಕುಗಳ ನೌಕರರು, ಕಾರ್ಖಾನೆಗಳ ಕೆಲಸಗಾರರು ಒಂದು ಕಡೆ. 1970ರಲ್ಲಿ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಸ್ಥಾಪನೆಯಾಗಿ ಖಾಡಿಯ ಆಚೆ ನವಿಮುಂಬಯಿ ಎಂಬ ಹೊಸ ನಗರ ಏಳತೊಡಗಿದ ಮೇಲೆ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳು ಇನ್ನೊಂದು ಕಡೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸುತ್ತದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಎಂಟು ಭಾಷೆಗಳಲ್ಲಿ ಪುಸ್ತಕ ಅಚ್ಚು ಹಾಕುತ್ತದೆ, ಅದರಲ್ಲಿ ಕನ್ನಡವೂ ಒಂದು. ಮಹಾರಾಷ್ಟ್ರದ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಈ ಮಾತನ್ನು ಬೆಂಗಳೂರಿನ ಗೆಳೆಯರಿಗೆ ಹೇಳಿದರೆ ಇವತ್ತಿಗೂ ನಂಬುವುದಿಲ್ಲ. ನೆರೆರಾಜ್ಯದ ಬೋರ್ಡು ಕೊಟ್ಟ ಸೌಲಭ್ಯವನ್ನು ದೇಶದ ಪರೀಕ್ಷೆ ಕೊಡುವುದಿಲ್ಲ ಎಂಬುದೇ ಇಲ್ಲಿನ ತಮಾಷೆ.

ದೇಶದ ಪರೀಕ್ಷೆ ಎಂಬುದು ಶುರುವಾದದ್ದು ನ್ಯಾಯಾಲಯದಿಂದ. ವೈದ್ಯಕೀಯ ಸೀಟುಗಳಲ್ಲಿ ಒಂದು ಪಾಲು ಯಾವ ರಾಜ್ಯದವರಿಗಾದರೂ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಹೇಳಿತು. 1986ರಲ್ಲಿ ಆ ಪಾಲನ್ನು ಶೇ. 15ಕ್ಕೆ ನಿಗದಿ ಮಾಡಿತು. ಆ ಸೀಟುಗಳಿಗಾಗಿ 1988ರಿಂದ ಸಿಬಿಎಸ್‌ಇ ಅಖಿಲ ಭಾರತ ಪರೀಕ್ಷೆ ನಡೆಸತೊಡಗಿತು. ಎಐಪಿಎಂಟಿ ಎಂದು ಕರೆಯುತ್ತಿದ್ದ ಅದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತಿತ್ತು. ಉಳಿದ ಶೇ. 85 ಸೀಟು ರಾಜ್ಯಗಳ ಕೈಯಲ್ಲಿತ್ತು.

ಆ ಶೇ. 85ಕ್ಕೆ ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿಯಿತು. ಕರ್ನಾಟಕ 1984ರಲ್ಲೇ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆ ತಂದಿತ್ತು. 1994ರಲ್ಲಿ ಸಿಇಟಿ ಘಟಕ ಸ್ಥಾಪಿಸಿತು. ಅದರ ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷಿನ ಜೊತೆ ಕನ್ನಡವೂ ಇರುತ್ತದೆ. ಮಹಾರಾಷ್ಟ್ರ ತನ್ನ ಸಿಇಟಿಯನ್ನು ಈ ಶತಮಾನದ ಹೊಸ್ತಿಲಲ್ಲಿ ಶುರು ಮಾಡಿತು. ಅಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಇಂಗ್ಲಿಷ್, ಮರಾಠಿ, ಉರ್ದುವಿನಲ್ಲಿ ಇರುತ್ತಿದ್ದವು. ಗಣಿತ ಮಾತ್ರ ಇಂಗ್ಲಿಷಿನಲ್ಲಿ. ಖಾಸಗಿ ಕಾಲೇಜುಗಳು ಸುಮ್ಮನಿರುತ್ತವೆಯೇ? 2005ರಲ್ಲಿ ಪಿ.ಎ. ಇನಾಮದಾರ್ ಪ್ರಕರಣದ ತೀರ್ಪು ಬಂತು. ಹೂಡಿದ್ದು ಮಹಾರಾಷ್ಟ್ರ ಸರ್ಕಾರದ ವಿರುದ್ಧ. ಅನುದಾನರಹಿತ ಕಾಲೇಜುಗಳ ಸೀಟನ್ನು ಸರ್ಕಾರ ಕಿತ್ತುಕೊಳ್ಳುವಂತಿಲ್ಲ ಎಂದಾಯಿತು. ಖಾಸಗಿ ವೈದ್ಯಕೀಯ ಕಾಲೇಜುಗಳ ಒಕ್ಕೂಟ ಅಸೋ-ಸಿಇಟಿ ಎಂಬ ತನ್ನದೇ ಪರೀಕ್ಷೆ ನಡೆಸಿತು. ಡೀಮ್ಡ್ ವಿಶ್ವವಿದ್ಯಾಲಯಗಳದು ಮತ್ತೆ ಬೇರೆ ಬೇರೆ. ನವಿಮುಂಬಯಿಯ ನೆರೂಳ್, ಕಾಮೋಠೆಗಳಲ್ಲಿ ಹತ್ತಿರ ಹತ್ತಿರವೇ ಖಾಸಗಿ ವೈದ್ಯಕೀಯ ಕಾಲೇಜುಗಳಿವೆ. ಥಾಣೆ ಮಹಾನಗರಪಾಲಿಕೆಯದೇ ಒಂದು ಕಾಲೇಜು ಕಳ್ವಾದಲ್ಲಿದೆ. ಲೋಕಲ್ ರೈಲಿನ ಒಂದು ಪಾಸಿನಲ್ಲಿ ಮುಟ್ಟಬಹುದಾದ ಕಾಲೇಜುಗಳಿಗೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ, ಬೇರೆ ಬೇರೆ ಪರೀಕ್ಷೆ.

ಹೊರನಾಡ ಕನ್ನಡಿಗನಿಗೆ ಇದರ ಮೇಲೆ ಇನ್ನೊಂದು ಬಾಗಿಲೂ ಇತ್ತು, ಈಗಲೂ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಸರ್ಕಾರಿ ಕೋಟಾದ ಸೀಟಿಗೆ ಅರ್ಹತೆ ಕೊಡುತ್ತದೆ. ಮನೆಮಾತು ಕನ್ನಡವೋ ತುಳುವೋ ಕೊಡವವೋ ಆಗಿರಬೇಕು, ಜೊತೆಗೆ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಸಾಮಾನ್ಯವಾಗಿ ಸಿಇಟಿ ಮುಗಿದ ಮರುದಿನ ನಡೆಯುವ ಈ ಪರೀಕ್ಷೆ ನಾಲ್ಕನೇ ತರಗತಿಯ ಮಟ್ಟದ್ದು; 50 ಅಂಕಕ್ಕೆ 12 ಬಂದರೆ ಸಾಕು. ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಓದಲು ಬರುತ್ತದೆಯೇ, ನಾಲ್ಕು ಸಾಲು ಬರೆಯಲು ಬರುತ್ತದೆಯೇ ಎಂದು ನೋಡುವುದಷ್ಟೇ ಅದರ ಉದ್ದೇಶ. ಮಗ ಹನ್ನೆರಡನೇ ತರಗತಿಗೆ ಬಂದಾಗ ಅಕ್ಷರಮಾಲೆ ಹುಡುಕಿಕೊಂಡು ಹೊರಡುವ ತಂದೆತಾಯಿ ಮುಂಬಯಿಯಲ್ಲಿ ಕಡಿಮೆಯಿಲ್ಲ. ನಗಬೇಡಿ. ಎಷ್ಟೋ ಮನೆಗಳಲ್ಲಿ ಕನ್ನಡದ ಕಾಗುಣಿತ ಮತ್ತೆ ಒಳಗೆ ಬಂದದ್ದು ಸೀಟಿನ ಆಸೆಯಿಂದಲೇ.

ಇಷ್ಟೆಲ್ಲ ಪರೀಕ್ಷೆಗಳನ್ನು ಒಂದು ಮಾಡಬೇಕು ಎಂಬ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ. ಭಾರತೀಯ ವೈದ್ಯಕೀಯ ಮಂಡಳಿ 2010ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಮೊದಲ ನೀಟ್ 2013ರ ಮೇ 5ರಂದು ನಡೆಯಿತು. ಆ ಮೊದಲ ನೀಟ್‌ನಲ್ಲಿ ಪ್ರಾದೇಶಿಕ ಭಾಷೆಗಳಿದ್ದವು, ಮರಾಠಿಯೂ ಇತ್ತು, ಕನ್ನಡ ಇರಲಿಲ್ಲ. ಜುಲೈ 18ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರ ಬಹುಮತದಿಂದ ನೀಟನ್ನೇ ರದ್ದು ಮಾಡಿತು. ಭಿನ್ನಮತದ ತೀರ್ಪು ಬರೆದವರು ನ್ಯಾಯಮೂರ್ತಿ ಅನಿಲ್ ದವೆ. ಮಹಾರಾಷ್ಟ್ರ ಮತ್ತೆ ತನ್ನ ಸಿಇಟಿಗೆ ಮರಳಿತು. 2016ರ ಏಪ್ರಿಲ್ 11ರಂದು ಐವರ ಪೀಠ 2013ರ ತೀರ್ಪನ್ನು ಹಿಂದಕ್ಕೆ ಪಡೆಯಿತು. ಪೀಠದ ನೇತೃತ್ವ ಅದೇ ಅನಿಲ್ ದವೆ ಅವರದು.

ಆಮೇಲಿನ ಆರು ವಾರಗಳನ್ನು ಆ ವರ್ಷ ಹನ್ನೆರಡನೇ ತರಗತಿ ಮುಗಿಸಿದವರು ಯಾರೂ ಮರೆತಿರಲಾರರು. ಸಂಕಲ್ಪ ಚಾರಿಟೆಬಲ್ ಟ್ರಸ್ಟ್ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಮೇ 1ರಂದು ನಡೆಯಲಿರುವ ಎಐಪಿಎಂಟಿಯೇ ನೀಟ್‌ನ ಮೊದಲ ಹಂತ, ಅದಕ್ಕೆ ಅರ್ಜಿ ಹಾಕದವರಿಗೆ ಜುಲೈ 24ರಂದು ಎರಡನೇ ಹಂತ, ಈ ವರ್ಷದಿಂದಲೇ ಜಾರಿ. ಪರೀಕ್ಷೆಗೆ ಮೂರು ದಿನ ಉಳಿದಿತ್ತು.

ಡೊಂಬಿವಲಿಯಲ್ಲಿ ಕೂತು ವೈದ್ಯಕೀಯದ ಕನಸು ಕಾಣುತ್ತಿದ್ದ ಕನ್ನಡದ ಹುಡುಗನ ಆ ವಾರದ ಪಂಚಾಂಗ ತೆರೆದು ನೋಡಿ. ಮೇ 1, ಭಾನುವಾರ, ಮಹಾರಾಷ್ಟ್ರ ದಿನ: ನೀಟ್ ಒಂದನೇ ಹಂತ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಮೇ 4 ಮತ್ತು 5: ಕರ್ನಾಟಕ ಸಿಇಟಿ. ಮೇ 5: ಮಹಾರಾಷ್ಟ್ರ ಸಿಇಟಿ. ಅಂದರೆ ಕರ್ನಾಟಕದ ಬಾಗಿಲು ತಟ್ಟಲು ಬೆಂಗಳೂರಿಗೋ ಬೆಳಗಾವಿಗೋ ಹೋದವನು ಮಹಾರಾಷ್ಟ್ರದ ಪರೀಕ್ಷೆ ಬಿಡಬೇಕು. ಮಹಾರಾಷ್ಟ್ರದ್ದನ್ನು ಬರೆಯಬೇಕೆಂದರೆ ಕರ್ನಾಟಕದ ಎರಡನೇ ದಿನವನ್ನು ಬಿಡಬೇಕು. ಈ ಎರಡೂ ರಾಜ್ಯಮಟ್ಟದ ಪರೀಕ್ಷೆಗಳು ವೈದ್ಯಕೀಯ ಸೀಟಿಗೆ ನಡೆಯುತ್ತವೋ ಇಲ್ಲವೋ ಎಂಬುದು ಹಿಂದಿನ ರಾತ್ರಿಯವರೆಗೂ ಯಾರಿಗೂ ಗೊತ್ತಿಲ್ಲ. ಪರೀಕ್ಷೆ ಮುಗಿದು ನಾಲ್ಕು ದಿನಕ್ಕೆ, ಮೇ 9ರಂದು, ರಾಜ್ಯಗಳ ಪರೀಕ್ಷೆಗೆ ಬೆಲೆಯಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಮಹಾರಾಷ್ಟ್ರದ ಪಾಲಕರು ಕೆರಳಿದ್ದು ಭಾಷೆಗಾಗಿ ಮಾತ್ರ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವರ ಮಕ್ಕಳು ಎರಡು ವರ್ಷ ಓದಿದ್ದು ರಾಜ್ಯ ಬೋರ್ಡಿನ ಪುಸ್ತಕ, ನೀಟ್ ಕೇಳುವುದು ಎನ್‌ಸಿಇಆರ್‌ಟಿ ಪುಸ್ತಕದ್ದು. ರಾಜ್ಯದ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಕಳೆಯುತ್ತಾರೆ. ಊಹೆ ಮಾಡಿ ಗುರುತು ಹಾಕುವ ಅಭ್ಯಾಸ ಒಂದು ಕಡೆ ಗುಣ, ಇನ್ನೊಂದು ಕಡೆ ದೋಷ. ಕೋಚಿಂಗ್ ಕ್ಲಾಸಿಗೆ ಕಟ್ಟಿದ ಹಣವೂ ಸಿಇಟಿಯ ಲೆಕ್ಕದಲ್ಲಿ ಕಟ್ಟಿದ್ದು. ಇದರ ಮೇಲೆ ಮರಾಠಿ ಮಾಧ್ಯಮದವರ ಪ್ರಶ್ನೆ: ನಮ್ಮ ಭಾಷೆಯ ಪ್ರಶ್ನೆಪತ್ರಿಕೆ ಎಲ್ಲಿ? ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರಾಗಿದ್ದ ವಿನೋದ್ ತಾವ್ಡೆ ದೆಹಲಿಗೆ ಓಡಾಡಿದರು. ಕೇಂದ್ರ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿತು, ರಾಷ್ಟ್ರಪತಿ ಪ್ರಣಬ್ ಮುಖರ್ಜಿ ವಿವರಣೆ ಕೇಳಿ, ಮೇ 24ರಂದು ಸಹಿ ಹಾಕಿದರು. ಅದೊಂದು ವರ್ಷದ ಮಟ್ಟಿಗೆ ರಾಜ್ಯ ಸರ್ಕಾರದ ಸೀಟುಗಳಿಗೆ ರಾಜ್ಯದ ಪರೀಕ್ಷೆಯೇ ನಡೆಯಿತು. ಖಾಸಗಿ ಮತ್ತು ಡೀಮ್ಡ್ ಕಾಲೇಜುಗಳ ಸ್ವಂತ ಪರೀಕ್ಷೆಗಳು ಮಾತ್ರ ಅಲ್ಲಿಗೆ ಮುಗಿದವು. ಅದಕ್ಕೆ ಅತ್ತವರು ಯಾರೂ ಇರಲಿಲ್ಲ.

ಭಾಷೆಯ ವಿಷಯ ಕಾನೂನಿಗೆ ಸೇರಿದ್ದು ಈ ಗಲಾಟೆಯ ಫಲವಾಗಿ. 2016ರಲ್ಲಿ ಸಂಸತ್ತು ವೈದ್ಯಕೀಯ ಮಂಡಳಿ ಕಾಯ್ದೆಗೆ 10ಡಿ ಎಂಬ ಹೊಸ ಕಲಂ ಸೇರಿಸಿತು. ಪರೀಕ್ಷೆ ಹಿಂದಿ, ಇಂಗ್ಲಿಷ್ ಮತ್ತು ಗೊತ್ತುಪಡಿಸಲಾಗುವ ಇತರ ಭಾಷೆಗಳಲ್ಲಿ ನಡೆಯಬೇಕು ಎಂದು ಅದು ಹೇಳಿತು. ಆ ಇತರ ಭಾಷೆ ಯಾವ ಊರಿನಲ್ಲಿ ಸಿಗಬೇಕು ಎಂದು ಕಾಯ್ದೆ ಎಲ್ಲೂ ಹೇಳಲಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

2016ರ ಡಿಸೆಂಬರಿನಲ್ಲಿ ಆರೋಗ್ಯ ಸಚಿವಾಲಯ ಮುಂದಿನ ನೀಟ್ ಎಂಟು ಭಾಷೆಗಳಲ್ಲಿ ನಡೆಯುತ್ತದೆಂದು ಪ್ರಕಟಿಸಿತು: ಹಿಂದಿ, ಇಂಗ್ಲಿಷ್, ಅಸ್ಸಾಮಿ, ಬಂಗಾಳಿ, ಗುಜರಾತಿ, ಮರಾಠಿ, ತಮಿಳು, ತೆಲುಗು. ಎರಡನೇ ಸಲವೂ ಕನ್ನಡ ಇಲ್ಲ. ಕರ್ನಾಟಕದಲ್ಲಿ ಕೂಗೆದ್ದಿತು, ಪತ್ರ ಹೋದವು. ಜನವರಿ ಕೊನೆಗೆ ಅಧಿಸೂಚನೆ ಬರುವ ಹೊತ್ತಿಗೆ ಪಟ್ಟಿಗೆ ಕನ್ನಡವೂ ಒಡಿಯಾವೂ ಸೇರಿ ಹತ್ತಾಗಿದ್ದವು. ಉರ್ದು ಸೇರಿದ್ದು ಬೇರೆ ದಾರಿಯಿಂದ. ವಿದ್ಯಾರ್ಥಿ ಸಂಘಟನೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು, ಕೋರ್ಟು 2018ರಿಂದ ಉರ್ದುವನ್ನೂ ಸೇರಿಸಿ ಎಂದಿತು. ಉರ್ದು ಯಾವುದೇ ಒಂದು ರಾಜ್ಯದ ಸ್ವತ್ತಲ್ಲವಾದ್ದರಿಂದ ಎಲ್ಲ ಕೇಂದ್ರಗಳಲ್ಲೂ ಸಿಗುವಂತಾಯಿತು. ಭಿವಂಡಿಯ ಉರ್ದು ಶಾಲೆಯಲ್ಲಿ ಓದಿದವನಿಗೆ ಥಾಣೆಯಲ್ಲಿ ಉರ್ದು ಪತ್ರಿಕೆ ಸಿಗುತ್ತದೆ. ಸಿಗಲೇಬೇಕು. ಒಂದು ಭಾಷೆಯನ್ನು ಅದರ ಜನ ಇರುವಲ್ಲೆಲ್ಲ ಕೊಡಲು ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ.

2017ರ ಮೇ 7ರಂದು ಕನ್ನಡದ ಮೊದಲ ನೀಟ್ ಪ್ರಶ್ನೆಪತ್ರಿಕೆ ಬಂತು. ಸಂಭ್ರಮಕ್ಕೆ ಪುರಸೊತ್ತು ಸಿಗಲಿಲ್ಲ. ಪರೀಕ್ಷೆ ಮುಗಿಸಿ ಹೊರಬಂದವರು ಪ್ರಶ್ನೆ ಹೋಲಿಸಿ ನೋಡಿದಾಗ ಇಂಗ್ಲಿಷ್-ಹಿಂದಿಯವರಿಗೆ ಕೇಳಿದ್ದೇ ಬೇರೆ, ಪ್ರಾದೇಶಿಕ ಭಾಷೆಯವರಿಗೆ ಕೇಳಿದ್ದೇ ಬೇರೆ ಎಂದು ಗೊತ್ತಾಯಿತು. ಬಂಗಾಳಿ ಪತ್ರಿಕೆ ಕಠಿಣ ಎಂದು ಕೋಲ್ಕತ್ತದಲ್ಲಿ ದೂರು, ತಮಿಳಿನವರದು ಮದುರೆಯಲ್ಲಿ. ಒಂದೇ ದೇಶ, ಒಂದೇ ರ‍್ಯಾಂಕ್ ಪಟ್ಟಿ, ಆದರೆ ಓಡುವ ದಾರಿ ಬೇರೆ ಬೇರೆ. ಪ್ರಶ್ನೆ ಬೇರೆಯಾದರೂ ಕಠಿಣತೆ ಒಂದೇ ಎಂದು ಸಿಬಿಎಸ್‌ಇ ವಾದಿಸಿತು. ಮದ್ರಾಸ್ ಹೈಕೋರ್ಟಿನ ಮದುರೆ ಪೀಠ ಮೇ 24ರಂದು ಫಲಿತಾಂಶಕ್ಕೆ ತಡೆ ಕೊಟ್ಟಿತು, ಜೂನ್ 12ರಂದು ಸುಪ್ರೀಂ ಕೋರ್ಟು ತಡೆ ತೆರವು ಮಾಡಿತು, ಜೂನ್ 23ಕ್ಕೆ ಫಲಿತಾಂಶ ಬಂತು. ಮುಂದಿನ ವರ್ಷದಿಂದ ಇಂಗ್ಲಿಷ್ ಪತ್ರಿಕೆಯ ಅನುವಾದವನ್ನೇ ಕೊಡುತ್ತೇವೆ ಎಂಬ ಮಾತು ಸರ್ಕಾರದ ಕಡೆಯಿಂದ ಸಿಕ್ಕಿತು. ಭಾಷೆ ಬದಲಾದರೆ ಪ್ರಶ್ನೆಯೂ ಬದಲಾಗಬಹುದು ಎಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ನಾನರಿಯೆ.

ಅನುವಾದ ಕೊಟ್ಟರು, ಹೊಸ ತಲೆನೋವು ಶುರುವಾಯಿತು. 2018ರ ತಮಿಳು ಪತ್ರಿಕೆಯಲ್ಲಿ 49 ಪ್ರಶ್ನೆಗಳ ಅನುವಾದ ತಪ್ಪು ಎಂದು ರಾಜ್ಯಸಭಾ ಸದಸ್ಯ ಟಿ.ಕೆ. ರಂಗರಾಜನ್ ಮದುರೆ ಪೀಠಕ್ಕೆ ಹೋದರು. ಜುಲೈ 10ರಂದು ತೀರ್ಪು ಬಂತು: ಪ್ರಶ್ನೆಗೆ ನಾಲ್ಕರಂತೆ 196 ಅಂಕ, ತಮಿಳಿನಲ್ಲಿ ಬರೆದ ಸುಮಾರು 24 ಸಾವಿರ ಮಂದಿಗೂ. ಒಟ್ಟು 720ರಲ್ಲಿ 196 ಎಂದರೆ ರ‍್ಯಾಂಕ್ ಪಟ್ಟಿ ತಲೆಕೆಳಗಾಗುತ್ತದೆ. ಸುಪ್ರೀಂ ಕೋರ್ಟ್ ಹತ್ತೇ ದಿನದಲ್ಲಿ ತಡೆ ಕೊಟ್ಟು ನವೆಂಬರಿನಲ್ಲಿ ಆ ತೀರ್ಪನ್ನು ರದ್ದುಗೊಳಿಸಿತು. ತಮಿಳು ಮಕ್ಕಳಿಗೆ ಒಂದು ಅಂಕವೂ ಸಿಗಲಿಲ್ಲ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪಠ್ಯವೇ ಅಂತಿಮ ಎಂಬ ನಿಯಮ ಇವತ್ತಿಗೂ ಪುಸ್ತಿಕೆಯಲ್ಲಿದೆ.

ಆ ನಿಯಮ ಕೋಣೆಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪ್ರಾದೇಶಿಕ ಭಾಷೆ ಆರಿಸಿಕೊಂಡವರಿಗೆ ಕೊಡುವ ಪ್ರಶ್ನೆಪುಸ್ತಿಕೆ ದ್ವಿಭಾಷೆಯದು. ಒಂದೇ ಪ್ರಶ್ನೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರುತ್ತದೆ, ಇಂಗ್ಲಿಷ್ ಆರಿಸಿಕೊಂಡವರಿಗೆ ಇಂಗ್ಲಿಷ್ ಒಂದೇ. ಮೂರು ಗಂಟೆಯಲ್ಲಿ 180 ಪ್ರಶ್ನೆ, ಅಂದರೆ ಪ್ರಶ್ನೆಗೆ ಒಂದು ನಿಮಿಷ. ಜೀವಶಾಸ್ತ್ರದ ಒಂದು ಹೇಳಿಕೆಯ ಕನ್ನಡ ಅರ್ಥವಾಗದೆ ಹುಡುಗ ಇಂಗ್ಲಿಷಿನತ್ತ ಕಣ್ಣು ಹಾಯಿಸಿ ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ ಪಕ್ಕದವನು ಮುಂದಿನ ಪ್ರಶ್ನೆಯಲ್ಲಿರುತ್ತಾನೆ. ಪ್ರಾದೇಶಿಕ ಭಾಷೆಯವನು ಪುಸ್ತಿಕೆಯನ್ನು ಎರಡು ಸಲ ಓದುವ ಹಂಗಿನಲ್ಲೇ ಪರೀಕ್ಷೆ ಬರೆಯುತ್ತಾನೆ. ಆದರೆ ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಕೇಳಿ ಬೆಳೆದ ಮಕ್ಕಳಿಗೆ ಎರಡೂ ಕಣ್ಣೆದುರು ಇರುವುದು ಅನುಕೂಲವೂ ಹೌದು. ಕೆಲವು ಪ್ರಶ್ನೆಗಳ ಗಂಟು ಇಂಗ್ಲಿಷಿಗಿಂತ ಕನ್ನಡದಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ.

ಇಂಜಿನಿಯರಿಂಗ್ ಕಡೆಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ನಮಗೆ ಬೇಕಾದ ಒಂದೇ ಪಾಠವಿದೆ. ಜೆಇಇ ಮೇನ್ ಮೊದಲು ಇಂಗ್ಲಿಷ್-ಹಿಂದಿಯಲ್ಲಿತ್ತು. ಗುಜರಾತ್ ಸರ್ಕಾರ ತನ್ನ ಕಾಲೇಜುಗಳಿಗೂ ಅದನ್ನೇ ಬಳಸುತ್ತೇನೆ, ಗುಜರಾತಿಯಲ್ಲಿ ಕೊಡಿ ಎಂದು ಕೇಳಿತು, ಕೊಟ್ಟರು. 2014ರಲ್ಲಿ ಮಹಾರಾಷ್ಟ್ರವೂ ಸೇರಿಕೊಂಡಿತು, ಮರಾಠಿ ಮತ್ತು ಉರ್ದು ಕೇಳಿತು, ಕೊಟ್ಟರು. 2016ರಲ್ಲಿ ಮಹಾರಾಷ್ಟ್ರ ತನ್ನ ಸಿಇಟಿಗೆ ಮರಳಿದಾಗ ಮರಾಠಿ, ಉರ್ದು ನಿಂತುಹೋದವು, ಗುಜರಾತಿ ಉಳಿಯಿತು. 2019ರ ನವೆಂಬರಿನಲ್ಲಿ ಗುಜರಾತಿಗೆ ಮಾತ್ರ ಏಕೆ ಎಂದು ಮಮತಾ ಬ್ಯಾನರ್ಜಿ ಪ್ರಶ್ನಿಸಿದಾಗ ಜೆಇಇಯನ್ನೂ ನೀಟನ್ನೂ ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಕೊಟ್ಟ ಉತ್ತರದ ಸಾರ ಇದೇ: ಕೇಳಿದ ರಾಜ್ಯಕ್ಕೆ ಕೊಟ್ಟಿದ್ದೇವೆ. 2021ರಿಂದ ಜೆಇಇ ಮೇನ್ 13 ಭಾಷೆಗಳಲ್ಲಿ ನಡೆಯುತ್ತಿದೆ. ಕನ್ನಡವೂ ಬಂತು, ಅದೂ ಕರ್ನಾಟಕದ ಕೇಂದ್ರಗಳಿಗೆ ಮಾತ್ರ. ಅದೇ ವರ್ಷ ನೀಟ್‌ಗೆ ಮಲಯಾಳಂ, ಪಂಜಾಬಿ ಸೇರಿ ಅಲ್ಲೂ ಭಾಷೆಗಳು ಹದಿಮೂರಾದವು.

ಮಧ್ಯೆ 2020 ಬಂತು. ಕೋವಿಡ್‌ನಿಂದಾಗಿ ಎರಡು ಬಾರಿ ಮುಂದೂಡಿದ ನೀಟ್ ಸೆಪ್ಟೆಂಬರ್ 13ಕ್ಕೆ ನಿಗದಿಯಾಯಿತು. ಮುಂಬಯಿಯ ಲೋಕಲ್ ರೈಲುಗಳು ಆಗ ಅಗತ್ಯ ಸೇವೆಯ ನೌಕರರಿಗೆ ಮಾತ್ರ ಓಡುತ್ತಿದ್ದವು. ಕಲ್ಯಾಣ, ಡೊಂಬಿವಲಿ ಎಂಬ ಊರುಗಳ ಬದುಕೇ ಲೋಕಲ್‌ಗೆ ಕಟ್ಟಿಹಾಕಿದ ಬದುಕು. ರೈಲು ಹತ್ತಲು ಬಿಡುವುದಿಲ್ಲ ಎಂದರೆ ಥಾಣೆಯೂ ಪರದೇಶವೇ. ಕೊನೆಗೆ ರೈಲ್ವೆ ಆ ದಿನಕ್ಕೆ ಪರೀಕ್ಷಾರ್ಥಿಗಳಿಗೂ ಅವರ ಜೊತೆಗಿರುವವರಿಗೂ ಅನುಮತಿ ಕೊಟ್ಟಿತು. ಹಾಲ್ ಟಿಕೆಟ್ಟೇ ಗುರುತಿನ ಚೀಟಿ. ಆರು ತಿಂಗಳಿಂದ ಪ್ಲಾಟ್‌ಫಾರ್ಮ್ ಮೆಟ್ಟದ ಅಪ್ಪಂದಿರು ಮಾಸ್ಕ್ ಕಟ್ಟಿಕೊಂಡು, ಮಗಳ ಹಾಲ್ ಟಿಕೆಟ್ ಮುಂದೆ ಮಾಡಿ ಗೇಟು ದಾಟಿದರು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಇನ್ನೊಂದು ಬೇಲಿಯನ್ನೂ ಕಿತ್ತಿತು. ವೈದ್ಯಕೀಯ ಸೀಟಿನಲ್ಲಿ ಶೇ. 70 ಆಯಾ ಪ್ರದೇಶದವರಿಗೆ, ಶೇ. 30 ಉಳಿದವರಿಗೆ ಎಂದು ವಿದರ್ಭ, ಮರಾಠವಾಡಾ, ಉಳಿದ ಮಹಾರಾಷ್ಟ್ರ ಎಂದು ಮೂರು ಭಾಗ ಮಾಡಿದ್ದ ನಿಯಮ ರದ್ದಾಯಿತು. ಇದಕ್ಕಾಗಿ ಮರಾಠವಾಡಾದವರು ಬಹುಕಾಲ ಹೋರಾಡಿದ್ದರು.

ಈಗ ಅಂಕಿಯ ಮಾತು, ಏಕೆಂದರೆ ಕರ್ನಾಟಕದ ಹೊರಗೆ ಕನ್ನಡ ಪತ್ರಿಕೆ ಕೊಡುವುದನ್ನು ವಿರೋಧಿಸುವವರು ಅದನ್ನೇ ಮುಂದಿಡುತ್ತಾರೆ. 2017ರಲ್ಲಿ ಕನ್ನಡದಲ್ಲಿ ನೀಟ್ ಆರಿಸಿಕೊಂಡವರು 700ರ ಆಸುಪಾಸು, 2020ರಲ್ಲಿ ಸುಮಾರು 1,000. ಆ ವರ್ಷ ದೇಶದಲ್ಲಿ ನೋಂದಾಯಿಸಿದವರು ಸುಮಾರು 16 ಲಕ್ಷ, ಅವರಲ್ಲಿ ನೂರಕ್ಕೆ ಎಪ್ಪತ್ತೊಂಬತ್ತು ಮಂದಿ ಇಂಗ್ಲಿಷ್ ಆರಿಸಿಕೊಂಡವರು. ಇಡೀ ಕರ್ನಾಟಕದಲ್ಲೇ ಇಷ್ಟು ಜನವಾದರೆ ಥಾಣೆ ಜಿಲ್ಲೆಯಲ್ಲಿ ಎಷ್ಟು ಮಂದಿ ಕೇಳಿಯಾರು? ನೇರವಾಗಿ ಹೇಳುತ್ತೇನೆ, ಬೆರಳೆಣಿಕೆಯಷ್ಟು. ಇಲ್ಲಿನ ಕನ್ನಡದ ಮಕ್ಕಳಲ್ಲಿ ಹೆಚ್ಚಿನವರು ಜೂನಿಯರ್ ಕಾಲೇಜಿನಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಓದುತ್ತಾರೆ, ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ-ಹಿಂದಿ. ಕನ್ನಡದ ಪತ್ರಿಕೆ ಸಿಕ್ಕರೂ ಬೇಡ ಎನ್ನುವವರೇ ಜಾಸ್ತಿ.

ಆದರೆ ಕೋಷ್ಟಕದ ಆ ಸಾಲು ಹೊಡೆಯುವುದು ಡೊಂಬಿವಲಿಯನ್ನು ಮಾತ್ರ ಅಲ್ಲ. ಅದೇ ಮಹಾರಾಷ್ಟ್ರದ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಕನ್ನಡ ಶಾಲೆಗಳಲ್ಲೇ ಹತ್ತನೆಯವರೆಗೆ ಓದುವ ಮಕ್ಕಳಿದ್ದಾರೆ. ಕೇರಳದ ಕಾಸರಗೋಡು, ಮಂಜೇಶ್ವರದಲ್ಲಿದ್ದಾರೆ. 2021ರಲ್ಲಿ ಕೇರಳದ ಕೇಂದ್ರಗಳಿಗೆ ಮಲಯಾಳಂ ಬಂದಾಗ ಕಾಸರಗೋಡಿನ ಕನ್ನಡ ಮಾಧ್ಯಮದ ಹುಡುಗನಿಗೆ ಏನೂ ಬರಲಿಲ್ಲ. ಅವನಿಗೆ ಕನ್ನಡ ಬೇಕೆಂದರೆ ಗಡಿ ದಾಟಬೇಕು. ಅಕ್ಕಲಕೋಟೆಯವನಿಗೆ ಕಲಬುರಗಿಯೋ ವಿಜಯಪುರವೋ ಗತಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಇವನನ್ನು ಗಡಿನಾಡು ಕನ್ನಡಿಗ ಎಂದು ಗುರುತಿಸಿ, ನಾಲ್ಕನೇ ತರಗತಿಯ ಕನ್ನಡ ಬರೆಸಿ ನೋಡಿ ಸೀಟು ಕೊಡಲು ಸಿದ್ಧವಿದೆ. ದೆಹಲಿಯ ಪರೀಕ್ಷಾ ಸಂಸ್ಥೆಗೆ ಮಾತ್ರ ಅವನು ವಿಳಾಸದ ಪ್ರಕಾರ ಮರಾಠಿಯವನು ಅಥವಾ ಮಲಯಾಳದವನು.

ಕೇಂದ್ರಗಳಲ್ಲಿ ಭಾಷೆ ಹೆಚ್ಚಿದಷ್ಟೂ ಗೊಂದಲ ಹೆಚ್ಚುತ್ತದೆ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. 2024ರ ಮೇ 5ರಂದು ರಾಜಸ್ಥಾನದ ಸವಾಯಿ ಮಾಧೋಪುರದ ಒಂದು ಕೇಂದ್ರದಲ್ಲಿ ಹಿಂದಿ ಮಾಧ್ಯಮದವರಿಗೆ ಇಂಗ್ಲಿಷ್ ಪತ್ರಿಕೆ ಹಂಚಿದರು, ಮಕ್ಕಳು ಪತ್ರಿಕೆ ಹಿಡಿದುಕೊಂಡೇ ಹೊರಗೆ ಬಂದರು. ಆದರೆ ಅಲ್ಲಿ ಗೊಂದಲವಾದದ್ದು ಎಲ್ಲ ಕಡೆ ಸಿಗುವ ಭಾಷೆಗಳಲ್ಲೇ ಎರಡರ ನಡುವೆ. ಎರಡು ಭಾಷೆಯ ಕಟ್ಟನ್ನು ನೆಟ್ಟಗೆ ಹಂಚಲಾಗದ ವ್ಯವಸ್ಥೆಯ ದೋಷವನ್ನು ಮೂರನೆಯ ಭಾಷೆಯ ತಲೆಗೆ ಕಟ್ಟುವುದು ಸರಿಯಲ್ಲ. ಕನ್ನಡದ ಪುಸ್ತಿಕೆ ಹೇಗೂ ಅಚ್ಚಾಗುತ್ತದೆ. ಅನುವಾದದ ಖರ್ಚು ಆಗಿಹೋಗಿದೆ. ಮೊಹರು ಮಾಡಿದ ಒಂದು ಕಟ್ಟು ಥಾಣೆಗೆ, ಒಂದು ಸೊಲ್ಲಾಪುರಕ್ಕೆ, ಒಂದು ಕಾಸರಗೋಡಿಗೆ ಹೋಗಬೇಕು, ಅಷ್ಟೇ. ಬಂಗಾಳಿ ಮೂರು ಕಡೆ ಹೋಗುತ್ತದೆ, ತಮಿಳು ಸಮುದ್ರ ದಾಟಿ ಅಂಡಮಾನಿಗೆ ಹೋಗುತ್ತದೆ.

ಗುಜರಾತಿಗೆ, ಮರಾಠಿಗೆ, ಉರ್ದುವಿಗೆ, 2017ರಲ್ಲಿ ಕನ್ನಡಕ್ಕೆ ಸಿಕ್ಕಿದ್ದೆಲ್ಲ ಕೇಳಿದ್ದರಿಂದ ಸಿಕ್ಕಿದ್ದು. ಕರ್ನಾಟಕ ಸರ್ಕಾರ ಮತ್ತು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಪರೀಕ್ಷಾ ಸಂಸ್ಥೆಗೆ ಒಂದು ಪತ್ರ ಬರೆಯಲಿ. ಮುಂಬಯಿ, ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಸಂಘಗಳು ಪ್ರತಿಭಾ ಪುರಸ್ಕಾರದ ವೇದಿಕೆಯಲ್ಲಿ ಹಾರ ಹಾಕುವ ಮೊದಲು ಆ ಪತ್ರದ ಕೆಳಗೆ ಸಹಿ ಹಾಕಲಿ. ಕನ್ನಡದ ಎದುರಿನ ಸಾಲಿನಲ್ಲಿ ಕರ್ನಾಟಕದ ಪಕ್ಕ ಮಹಾರಾಷ್ಟ್ರ, ಕೇರಳ ಎಂಬ ಎರಡು ಹೆಸರು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಮುಂದಿನ ಮಾಹಿತಿ ಪುಸ್ತಿಕೆಯಲ್ಲಿ ಅರ್ಧ ಸಾಲು ಸಾಕು.